ಜಿರಳೆಯ ಕಣ್ಣಿಗೆ ಪ್ರಸ್ತಾರ ಹಾಕುವುದು ಹೇಗೆ

ನನ್ನ ಬಿ.ಎಸ್ಸಿ. ವೈವಾದ ದಿನ ಮೇಜಿನ ಮೇಲೆ ಒಂದು ಗಾಜಿನ ತಟ್ಟೆ ಇತ್ತು. ಅದರಲ್ಲಿ ಕಂದು ಬಣ್ಣದ, ಹುಣಸೆ ಬೀಜಕ್ಕಿಂತ ಸ್ವಲ್ಪ ಸಣ್ಣದೊಂದು ವಸ್ತು. ನೋಡಿದ ಕೂಡಲೇ ಗೊತ್ತಾಯಿತು. ಜಿರಳೆ ಮೊಟ್ಟೆ ತುಂಬಿಸಿಡುವ ಚೀಲ. ನಮ್ಮ ಮನೆಯ ಅಡಿಗೆ ಕಪಾಟಿನ ಸಂದಿಯಲ್ಲಿ ಅಂಥದ್ದು ಬೇಕಾದಷ್ಟು ಇದ್ದವು. ಧೈರ್ಯದಿಂದ "ಊತೆಕ ಸರ್" ಅಂದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಎಲ್ಲಿ ಊತ ಬಂದದ್ದಮ್ಮಾ?"

ಪಕ್ಕದಲ್ಲಿದ್ದ ಲೆಕ್ಚರರೂ ನಕ್ಕರು. ಮಾರ್ಕು ಕಡಿಮೆ ಆಗಲಿಲ್ಲ, ಅದು ಬೇರೆ ಮಾತು. ಆದರೆ ಮಂಗಳೂರಿಂದ ಕಟಪಾಡಿಗೆ ಬರುವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಮೂಲ್ಕಿ ದಾಟುವವರೆಗೆ ತಲೆ ತಿರುಗಿಸಲಿಲ್ಲ.

ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮೀಡಿಯಂ. ಬರೆದ ಹಾಗೆ ಓದು, ಓದಿದ ಹಾಗೆ ಬರೆ, ಅಷ್ಟೇ ಗೊತ್ತು. ಎರಡು ಓ ಅಕ್ಷರ ಜೊತೆಗೆ ಬಂದರೆ ಊ ಅಂತ ಹೇಳಿಕೊಟ್ಟಿದ್ದರು. ಸ್ಕೂಲ್, ಮೂನ್, ಸ್ಪೂನ್. ಹಾಗಾದ ಮೇಲೆ ootheca ಅಂತ ಬರೆದದ್ದು ಊತೆಕ ಅಲ್ಲದೆ ಇನ್ನೆಂತ?

ಈಗ ನಾನು ಉಡುಪಿಯಲ್ಲಿ ಪಿ.ಯು. ಮಕ್ಕಳಿಗೆ ಬಯಾಲಜಿ ಕಲಿಸುತ್ತೇನೆ. ಭಾನುವಾರ ಕೆಲವರು ಮನೆಯ ಜಗಲಿಗೇ ಬಂದು ಕೂರುತ್ತಾರೆ. ಹೆಚ್ಚಿನವರು ನನ್ನ ಹಾಗೆ ಕನ್ನಡ ಮೀಡಿಯಂನಿಂದ ಬಂದವರು. ಜಿರಳೆಯ ಪಾಠಕ್ಕೆ ಬಂದಾಗ ಅವರ ಬಾಯಿ ಕಟ್ಟುತ್ತದೆ. ವಿಷಯ ಗೊತ್ತಿರುತ್ತದೆ, ಚಿತ್ರ ಚಂದ ಬಿಡಿಸುತ್ತಾರೆ, ಹೆಸರು ಹೇಳುವಾಗ ದನಿ ಗಂಟಲೊಳಗೆ ಇಳಿಯುತ್ತದೆ. ಅವರಿಗೆ ನಾನು ಹೇಳಿಕೊಡುವ ಉಪಾಯ ಇಂಗ್ಲಿಷ್ ಪುಸ್ತಕದ್ದಲ್ಲ. ಹೈಸ್ಕೂಲಿನ ಕನ್ನಡ ಪಂಡಿತರು ಬೋರ್ಡಿನ ಮೇಲೆ ಹಾಕುತ್ತಿದ್ದ ಲಘು-ಗುರು ಲೆಕ್ಕ, ಅಂದರೆ ಪ್ರಸ್ತಾರ. ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ.

ಒಂದು ಶಬ್ದ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ಒಮ್ಮಟಿಡಿಯಮ್. ಜಿರಳೆ, ನೊಣ, ಜೇನು ಇವುಗಳ ದೊಡ್ಡ ಕಣ್ಣು ಒಂದೇ ಕಣ್ಣಲ್ಲ, ನೂರಾರು ಸಾವಿರಾರು ಪುಟ್ಟ ಕಣ್ಣುಗಳ ಗೊಂಚಲು. ಅದರಲ್ಲಿ ಒಂದು ಬಿಡಿ ಕಣ್ಣಿಗೆ ಈ ಹೆಸರು.

ಮೊದಲು ಶಬ್ದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ. ಆಮೇಲೆ ಬಿಡಿಸಿ: ಒ, ಮ್ಮ, ಟಿ, ಡಿ, ಯಮ್. ಐದು. ಕೊನೆಯ ಅರ್ಧಾಕ್ಷರವನ್ನು ಹಿಂದಿನದಕ್ಕೇ ಸೇರಿಸಬೇಕು, ಪ್ರತ್ಯೇಕ ಎಣಿಸಬಾರದು. ಪ್ರಸ್ತಾರ ಹಾಕುವಾಗಲೂ ಹಾಗೇ ಅಲ್ವಾ? ಇಲ್ಲಿ ಒಂದು ತಮಾಷೆ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ (ommatidium) 'ಯ' ಎಲ್ಲೂ ಇಲ್ಲ. ಡಿ ಆದಮೇಲೆ ನೇರ 'ಅಮ್' ಬರುತ್ತದೆ. ಎರಡು ಸ್ವರ ಎದುರಾಗುವುದು ನಮ್ಮ ನಾಲಿಗೆಗೆ ಆಗುವುದಿಲ್ಲ, ತಾನಾಗಿಯೇ ನಡುವೆ ಒಂದು ಯ ಸೇರಿಸುತ್ತದೆ. ಯಕಾರಾಗಮ ಸಂಧಿ! ತಪ್ಪೇನಿಲ್ಲ, ಇರಲಿ ಬಿಡಿ.

ಇನ್ನು ಲಘು-ಗುರು. ದೀರ್ಘ ಇದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಸೊನ್ನೆ ಇದ್ದರೆ ಗುರು, ಅರ್ಧಾಕ್ಷರ ಸೇರಿದರೆ ಗುರು. ಉಳಿದದ್ದೆಲ್ಲ ಲಘು. ಒ ಗುರು, ಮ ಲಘು, ಟಿ ಲಘು, ಡಿ ಲಘು, ಯಮ್ ಗುರು.

ಈಗ ಮುಖ್ಯ ಸಂಗತಿ. ಕನ್ನಡವನ್ನು ನಾವು ಹೆಚ್ಚುಕಡಿಮೆ ಒಂದೇ ಸಮ ದನಿಯಲ್ಲಿ ಆಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಪ್ರತಿ ದೊಡ್ಡ ಶಬ್ದದಲ್ಲೂ ಒಂದು ಕಡೆ ಚೆಂಡೆಯ ಪೆಟ್ಟು ಬೀಳಬೇಕು. ಆ ಪೆಟ್ಟು ತಪ್ಪಿದರೆ ಎದುರಿನವರಿಗೆ ಶಬ್ದವೇ ಬೇರೆಯಾಗಿ ಕೇಳಿಸುತ್ತದೆ. ಲ್ಯಾಟಿನ್ ವೇಷ ಹಾಕಿ ಬಂದ ಶಬ್ದಗಳಲ್ಲಿ ಪೆಟ್ಟಿನ ಜಾಗಕ್ಕೆ ಒಂದು ಹಳೇ ನಿಯಮ ಉಂಟು. ಕೊನೆಯಿಂದ ಎಣಿಸಿ. ಎರಡನೆಯದು ಗುರುವಾದರೆ ಪೆಟ್ಟು ಅದರ ಮೇಲೆ. ಎರಡನೆಯದು ಲಘುವಾದರೆ ಪೆಟ್ಟು ಮೂರನೆಯದರ ಮೇಲೆ. ಮುಗಿಯಿತು.

ನಮ್ಮ ಶಬ್ದಕ್ಕೆ ಹಾಕಿ ನೋಡಿ. ಕೊನೆಯದು ಯಮ್. ಎರಡನೆಯದು ಡಿ, ಲಘು. ಹಾಗಾದರೆ ಮೂರನೆಯದಕ್ಕೆ ಹೋಗಿ: ಟಿ. ಒಮ್ಮ-ಟಿ-ಡಿಯಮ್. ಟಿ ಬಂದಾಗ ತೊಡೆಯ ಮೇಲೆ ಒಂದು ಏಟು ಹೊಡೆಯಿರಿ. ಮೊದಲ ಒ ಮೇಲೆ ಒಂದು ಸಣ್ಣ ತಟ್ಟು ಇರುತ್ತದೆ, ಆದರೆ ದೊಡ್ಡ ಪೆಟ್ಟು ಟಿ ಮೇಲೆಯೇ.

ಪೆಟ್ಟು ಬೀಳದ ಅಕ್ಷರಗಳು ಸೊರಗುತ್ತವೆ. ಇದು ನಮಗೆ ಹೊಸತೇನಲ್ಲ. ಬೋರ್ಡಿನಲ್ಲಿ ಕುಂದಾಪುರ ಅಂತ ಇರುತ್ತದೆ, ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದು "ಕುಂದಾಪ್ರ ಕುಂದಾಪ್ರ". ಕುಂ ಉಳಿಯಿತು, ದಾ ಉಳಿಯಿತು, ಪಾಪದ ಪು ಬಿದ್ದುಹೋಯಿತು. ಮಂಗಳೂರಿನಲ್ಲಿ ಗ ತನ್ನ ಸ್ವರ ಕಳೆದುಕೊಂಡು ಮಂಗ್ಳೂರು ಆಯಿತು. ಬೀಳುವುದು ಲಘುವೇ, ಗುರು ಅಲ್ಲ. ಒಮ್ಮಟಿಡಿಯಮ್‌ನಲ್ಲೂ ಅಷ್ಟೇ, ಎರಡನೇ ಅಕ್ಷರ 'ಮ' ಮೆಲ್ಲಗೆ ಮುಟ್ಟಿ ಹೋಗುತ್ತದೆ. ಡಿಕ್ಷನರಿಯಲ್ಲಿ ಅಂಥ ಜಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ಇ (e) ಅಕ್ಷರ ಇರುತ್ತದೆ. ನಮ್ಮ ಅ ಅಕ್ಷರವನ್ನು ಆಸಕ್ತಿ ಇಲ್ಲದೆ ಹೇಳಿದರೆ ಅದೇ. ಪೆಟ್ಟಿನ ಅಕ್ಷರದ ಮುಂಚೆ ಮೇಲ್ಗಡೆ ಒಂದು ಸಣ್ಣ ಗೀಟು ಇರುತ್ತದೆ, ಅದನ್ನು ಹುಡುಕಿ ಪ್ರಸ್ತಾರದ ಜೊತೆ ತಾಳೆ ನೋಡಿ. ಹಳೇ ಕೆಲವು ಡಿಕ್ಷನರಿಗಳಲ್ಲಿ ಆ ಗೀಟು ಅಕ್ಷರದ ನಂತರ ಬರುತ್ತದೆ. ಮುನ್ನುಡಿ ಪುಟ ನೋಡದೆ ನಂಬಬೇಡಿ.

ಮ್ಮ ಒತ್ತಿ ಹೇಳಬೇಕಾ ಅಂತ ಮಕ್ಕಳು ಕೇಳುತ್ತಾರೆ. ಇಂಗ್ಲಿಷಿನವರು ಎರಡು ಎಂ ಬರೆದರೂ ಒಂದೇ ಹೇಳುತ್ತಾರೆ. ನಾವು ಎರಡನ್ನೂ ಹೇಳುತ್ತೇವೆ. ನನ್ನ ಮಟ್ಟಿಗೆ ಅದು ತಪ್ಪಲ್ಲ, ನಮ್ಮ ನಾಲಿಗೆಯ ಗುರುತು. ಪೆಟ್ಟು ಸರಿ ಇದ್ದರೆ ಯಾರೂ ಕೇಳುವುದಿಲ್ಲ. ಒಬ್ಬ ಬ್ಯಾರಿ ಹುಡುಗ ಇದ್ದಾನೆ. ಅವರ ಮನೆಯಲ್ಲಿ ತಾಯಿಗೆ ಉಮ್ಮ ಅನ್ನುತ್ತಾರೆ. ಮೊದಲ ದಿನ ಅವನು "ಉಮ್ಮಟಿಡಿಯಮ್" ಅಂದು ಇಡೀ ಜಗಲಿ ನಕ್ಕಿತು. ಈಗ ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಅವನೇ.

ಒಂದಕ್ಕಿಂತ ಜಾಸ್ತಿ ಇದ್ದರೆ ಒಮ್ಮಟಿಡಿಯಾ. ಪೆಟ್ಟು ಅಲ್ಲೇ, ಟಿ ಮೇಲೆ. ಅದಕ್ಕೆ ಮತ್ತೆ ಎಸ್ ಸೇರಿಸಿ ಒಮ್ಮಟಿಡಿಯಾಸ್ ಮಾಡಬೇಡಿ, ಅದು "ಜನಗಳುಗಳು" ಅಂದ ಹಾಗೆ.

ಇನ್ನು ಶಬ್ದ ಎಲ್ಲಿಂದ ಬಂತು ಅನ್ನುವುದು. ಗ್ರೀಕ್‌ನಲ್ಲಿ ಒಮ್ಮ ಅಂದರೆ ಕಣ್ಣು. ಬಾಲಕ್ಕೆ ಇಡಿಯೊನ್ ಸೇರಿದರೆ ಪುಟ್ಟದು ಅಂತ ಅರ್ಥ. ಲ್ಯಾಟಿನ್‌ಗೆ ಬಂದಾಗ ಇಡಿಯೊನ್ ಹೋಗಿ ಇಡಿಯಮ್ ಆಯಿತು. ನಾವು ಬೆರಳಿಗೆ ಕಿರು ಸೇರಿಸಿ ಕಿರುಬೆರಳು ಅನ್ನುವುದಿಲ್ಲವಾ, ಹಾಗೆ ಇದು ಕಿರುಗಣ್ಣು. ಬಾಟನಿಯ ಆಂಥೆರಿಡಿಯಮ್ ನೆನಪಿದ್ದರೆ ಅದರ ಬಾಲವೂ ಇದೇ, ಪೆಟ್ಟೂ ಅದೇ ಜಾಗದಲ್ಲಿ: ಆಂಥೆ-ರಿ-ಡಿಯಮ್.

ಕೀಟದ ತಲೆಯ ಮೇಲೆ ದೊಡ್ಡ ಕಣ್ಣಿನ ನಡುವೆ ಚುಕ್ಕೆಯಂಥ ಬೇರೆ ಕಣ್ಣುಗಳೂ ಇರುತ್ತವೆ. ಜೇನಿಗೆ ಅಂಥವು ಮೂರು. ಅದಕ್ಕೆ ಒಸೆಲ್ಲಸ್ ಅನ್ನುತ್ತಾರೆ. ಕೊನೆಯಿಂದ ಎರಡನೆಯದು ಸೆ, ಮುಂದೆ ಲ್ಲ ಇರುವುದರಿಂದ ಗುರು, ಪೆಟ್ಟು ಅಲ್ಲಿ. ಇದು ಲ್ಯಾಟಿನ್‌ನ ಒಕ್ಯುಲಸ್ ಅಂದರೆ ಕಣ್ಣು, ಅದರ ಪುಟ್ಟ ರೂಪ. ಅಂದರೆ ಇದೂ ಕಿರುಗಣ್ಣೇ! ಒಂದಕ್ಕೆ ಗ್ರೀಕ್ ಹೆಸರು, ಇನ್ನೊಂದಕ್ಕೆ ಲ್ಯಾಟಿನ್ ಹೆಸರು, ಅರ್ಥ ಒಂದೇ. ಮಕ್ಕಳು ಇವೆರಡನ್ನು ಅದಲು ಬದಲು ಮಾಡಿದರೆ ನಾನು ಬೈಯುವುದಿಲ್ಲ. ಇನ್ನೂ ಒಂದು ಉಂಟು. ಒಮ್ಮ, ಒಕ್ಯುಲಸ್, ಸಂಸ್ಕೃತದ ಅಕ್ಷಿ, ಮೂರೂ ಒಂದೇ ಬೇರಿನವು. ಮೀನಾಕ್ಷಿಯಲ್ಲಿ ಇರುವ ಅಕ್ಷಿ, ಅಕ್ಷಿಪಟಲದ ಅಕ್ಷಿ. ಹಾಗಾಗಿ ಜಿರಳೆಯ ಒಮ್ಮಟಿಡಿಯಮ್ ನಮಗೆ ಅಷ್ಟೇನೂ ಪರಕೀಯ ಅಲ್ಲ, ದೂರದ ನೆಂಟ.

ಹೆಸರು ಕಲಿತ ಮೇಲೆ ವಸ್ತು ನೋಡದಿದ್ದರೆ ಏನೂ ಪ್ರಯೋಜನ ಇಲ್ಲ. ನಮ್ಮ ತಾಯಿಮನೆ ಶಂಕರಪುರದ ಕಡೆ. ಅಂಗಳದಲ್ಲಿ ಮಲ್ಲಿಗೆ ಗಿಡಗಳು. ಒಂದು ಬೆಳಿಗ್ಗೆ ಮೊಗ್ಗು ಕೊಯ್ಯುವಾಗ ಎಲೆಯ ಮೇಲೆ ಸೂರ್ಯನ ಕುದುರೆ ಕೂತಿತ್ತು. ಕೈ ಜೋಡಿಸಿದ ಹಾಗೆ ನಿಲ್ಲುವ ಹಸಿರು ಹುಳ. ಅದರ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ. ನಾನು ಎಡಕ್ಕೆ ಸರಿದೆ, ಚುಕ್ಕೆಯೂ ನನ್ನ ಕಡೆಗೆ ಸರಿಯಿತು. ಬಲಕ್ಕೆ ಬಂದೆ, ಅದೂ ಬಂತು. ಅಮ್ಮ "ಅದು ನಿನ್ನನ್ನೇ ನೋಡ್ತಾ ಉಂಟು" ಅಂದರು. ನಿಜ ಏನೆಂದರೆ ಅಲ್ಲಿ ಕಪ್ಪು ಗುಡ್ಡೆ ಇಲ್ಲ. ನಮ್ಮ ಕಡೆಗೆ ನೇರ ಮುಖ ಮಾಡಿದ ಒಮ್ಮಟಿಡಿಯಮ್‌ಗಳ ಒಳಗೆ ಹೋದ ಬೆಳಕು ವಾಪಸ್ ಬರುವುದಿಲ್ಲ, ಹಾಗಾಗಿ ಅಷ್ಟು ಜಾಗ ಬಾವಿಯ ಹಾಗೆ ಕಪ್ಪು ಕಾಣುತ್ತದೆ. ಪಕ್ಕದವು ಬೇರೆ ದಿಕ್ಕಿಗೆ ತಿರುಗಿರುವುದರಿಂದ ಹಸಿರಾಗಿಯೇ ಉಳಿಯುತ್ತವೆ. ನಾವು ಸರಿದರೆ ಕಪ್ಪಾಗುವ ಸರದಿ ಪಕ್ಕದವುಗಳದ್ದು. ಅಮ್ಮನಿಗೆ ಇಷ್ಟೆಲ್ಲ ಹೇಳಿದೆ. "ಹಾಗಾದ್ರೆ ನೋಡ್ತಾ ಉಂಟಲ್ಲ, ಅದನ್ನೇ ನಾನು ಹೇಳಿದ್ದು" ಅಂದರು.

ಲೆಕ್ಕವನ್ನೂ ನಾನು ಮಲ್ಲಿಗೆಯಲ್ಲೇ ಹೇಳುವುದು. ಬಾಳೆ ನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹಣ್ಣಾದ ಬಾಳೆಗೆ ಮುತ್ತುವ ಸಣ್ಣ ನೊಣದ ಒಂದು ಕಣ್ಣಿನಲ್ಲಿ ಸುಮಾರು ಒಂದು ಚೆಂಡಿನಷ್ಟು ಒಮ್ಮಟಿಡಿಯಾ. ಜಿರಳೆಯ ಕಣ್ಣಿಗೆ ಪಠ್ಯಪುಸ್ತಕ ಕೊಡುವ ಲೆಕ್ಕ ಸುಮಾರು 2000, ಅಂದರೆ ಎರಡೂವರೆ ಚೆಂಡು. ಮಳೆ ಬಿಟ್ಟ ಮೇಲೆ ಗದ್ದೆಯ ಮೇಲೆ ಹಾರುವ ಹೆಲಿಕಾಪ್ಟರ್ ಚಿಟ್ಟೆಗಳಲ್ಲಿ ದೊಡ್ಡವಕ್ಕೆ ಒಂದೊಂದು ಕಣ್ಣಿನಲ್ಲಿ 30,000ದ ಹತ್ತಿರ. ಒಂಬತ್ತು ಅಟ್ಟೆ! ಮದುವೆ ಮನೆಗೆ ಸಾಕು.

ಹೆಲಿಕಾಪ್ಟರ್ ಅಂದೆನಲ್ಲ, ಅದರಲ್ಲೂ ಒಂದು ಪಾಠ ಉಂಟು. ಎಲ್ಲರೂ ಅದನ್ನು ಹೆಲಿ ಮತ್ತು ಕಾಪ್ಟರ್ ಅಂತ ಮುರಿಯುತ್ತಾರೆ. ಮುರಿಯಬೇಕಾದ್ದು ಹೆಲಿಕೊ ಮತ್ತು ಪ್ಟರ್ ಅಂತ. ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರೊನ್ ಅಂದರೆ ರೆಕ್ಕೆ. ಈ ಪ್ಟೆರೊನ್ ನಮ್ಮ ಪತ್ರ, ಪತಂಗಗಳ ಕಡೆಯವನೇ. ಚಿಟ್ಟೆಗಳ ಗುಂಪಿನ ಹೆಸರು ಲೆಪಿಡಾಪ್ಟೆರಾ, ಹುರುಪೆಯ ರೆಕ್ಕೆಯವು. ಕೊನೆಯಿಂದ ಎರಡನೆಯದು ಟೆ, ಲಘು, ಆದ್ದರಿಂದ ಪೆಟ್ಟು ಡಾಪ್ ಮೇಲೆ. ಇಲ್ಲಿ ಪ್ ಮತ್ತು ಟ ಎರಡೂ ಕೇಳಿಸುತ್ತವೆ. ಆದರೆ ಶಬ್ದದ ಶುರುವಿನಲ್ಲೇ ಇವು ಬಂದರೆ ಪ್ ಮಾತಾಡುವುದಿಲ್ಲ. ಕೀಟದ ರೆಕ್ಕೆ ಹೊತ್ತ ಎದೆಭಾಗ ಟೆರೊಥೊರಾಕ್ಸ್, ಪ್ಟೆರೊ ಅಲ್ಲ. ಸಪ್ತ, ಗುಪ್ತ ಅನ್ನುವ ನಮಗೆ ಇದೇನು ಕಷ್ಟ ಅಲ್ಲ, ಕಷ್ಟ ಇಂಗ್ಲಿಷಿನವರದ್ದು. ಅವರ ಕಷ್ಟಕ್ಕೆ ನಾವು ಹೊಂದಿಕೊಳ್ಳಬೇಕು, ಅಷ್ಟೇ.

ಈಗ ಊತೆಕಕ್ಕೆ ವಾಪಸ್ ಬರುತ್ತೇನೆ. ಶಬ್ದದ ಮೂಲ ಸುಮ್ನೆ ಅಲಂಕಾರ ಅಲ್ಲ, ಅದು ಗೊತ್ತಿಲ್ಲದಿದ್ದರೆ ಪ್ರಸ್ತಾರವೇ ತಪ್ಪುತ್ತದೆ ಅಂತ ನನಗೆ ತಿಳಿದದ್ದು ಇಲ್ಲೇ. ಗ್ರೀಕ್‌ನಲ್ಲಿ ಓ-ಒನ್ ಅಂದರೆ ಮೊಟ್ಟೆ. ಎರಡು ಓ ಇದ್ದರೂ ಅವು ಬೇರೆ ಬೇರೆ ಅಕ್ಷರ, ಕೂಡಿ ಊ ಆಗುವುದಿಲ್ಲ. ಥೇಕೆ ಅಂದರೆ ಪೆಟ್ಟಿಗೆ. ಮೊಟ್ಟೆಪೆಟ್ಟಿಗೆ. ಒಂದರಲ್ಲಿ 14ರಿಂದ 16 ಮೊಟ್ಟೆ. ಈಗ ಬಿಡಿಸಿ: ಓ, ಅ, ಥೀ, ಕ. ಕೊನೆಯಿಂದ ಎರಡನೆಯದು ಲಘುವೋ ಗುರುವೋ? ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಗೊತ್ತಾಗುವುದೇ ಇಲ್ಲ, ಅದರಲ್ಲಿ ಎ ಏ ಭೇದ ಇಲ್ಲವಲ್ಲ. ಗ್ರೀಕ್‌ನಲ್ಲಿ ಅದು ದೀರ್ಘ ಏ, ಅದಕ್ಕೇ ಬೇರೆ ಅಕ್ಷರ ಉಂಟು. ದೀರ್ಘ ಅಂದಮೇಲೆ ಗುರು, ಪೆಟ್ಟು ಅಲ್ಲೇ. ಓಅ-ಥೀ-ಕ. ನೆನಪಿಡಲು ಒಂದು ದಾರಿ ಹೇಳುತ್ತೇನೆ. ಸೀರೆ ಅಂಗಡಿಗಳ ಬೋರ್ಡಿನಲ್ಲಿ ಬುಟೀಕ್ ಅಂತ ಬರೆದಿರುತ್ತಾರಲ್ಲ, ಆ ಶಬ್ದದೊಳಗೂ ಇದೇ ಥೇಕೆ ಕೂತಿದೆ. ಗ್ರೀಕ್‌ನ ಉಗ್ರಾಣ ಅಪೊಥೇಕೆ ಊರೂರು ಸುತ್ತಿ ಫ್ರೆಂಚರ ಬಾಯಲ್ಲಿ ಬುಟೀಕ್ ಆಯಿತು. ಬುಟೀಕಿನ ಟೀ ಎಳೆದ ಹಾಗೆ ಥೀ ಎಳೆಯಿರಿ.

ಇದಕ್ಕೆ ಉಲ್ಟಾ ಟೆಗ್ಮಿನಾ, ಜಿರಳೆಯ ಮುಂದಿನ ಗಟ್ಟಿ ರೆಕ್ಕೆಗಳು. ಮುಚ್ಚುವುದು ಅನ್ನುವ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಮಿ ಹ್ರಸ್ವ, ಲಘು, ಹಾಗಾಗಿ ಪೆಟ್ಟು ಟೆಗ್ ಮೇಲೆ. ಟೆಗ್ಮೀನಾ ಅನ್ನುವವರು ಇಲ್ಲದ ಗುರುವನ್ನು ತಂದು ಕೂರಿಸುತ್ತಾರೆ.

ಒಂದು ಕಡೆ ಮಾತ್ರ ನಮ್ಮ ಲಘು-ಗುರು ಕೈಕೊಡುತ್ತದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯನ್ನು ನೋಡಿದ್ದೀರಲ್ಲ, ಅದರ ಬೆನ್ನಿನ ಕರಿ ಚಿಪ್ಪಿಗೆ ಎಲಿಟ್ರಾ ಅನ್ನುತ್ತಾರೆ. ಗ್ರೀಕ್‌ನಲ್ಲಿ ಹೊದಿಕೆ. ಟ್ರಾ ಒತ್ತಕ್ಷರ, ಆದ್ದರಿಂದ ಲಿ ಗುರು, ಪೆಟ್ಟು ಲಿ ಮೇಲೆ, ಅಂತ ನಮ್ಮ ಲೆಕ್ಕ. ತಪ್ಪು. ಪೆಟ್ಟು ಎ ಮೇಲೆ. ಟ್ರ, ಪ್ರ, ಕ್ಲ ಹೀಗೆ ರ ಅಥವಾ ಲ ಸೇರಿದ ಕೆಲವು ಒತ್ತಕ್ಷರಗಳನ್ನು ಲ್ಯಾಟಿನ್ ಪಂಡಿತರು ಹಗುರವಾಗಿ ತೇಲಿಸುತ್ತಾರೆ, ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಓದಿದ್ದೆವಲ್ಲ, ಆ ಜಾತಿಯದ್ದೇ. ಆಗ ಅದನ್ನು ಪರೀಕ್ಷೆಗೆ ಮಾತ್ರ ಅಂದುಕೊಂಡು ಬಿಟ್ಟುಬಿಟ್ಟಿದ್ದೆ.

ಬಾಲ ಕತ್ತರಿಸಿಕೊಂಡು ಪೂರ್ತಿ ಇಂಗ್ಲಿಷ್ ಆದ ಶಬ್ದಗಳಿಗೂ ಈ ನಿಯಮ ಹಾಕಬೇಡಿ. ಮ್ಯಾಂಡಿಬಲ್, ಸ್ಪಿರಕಲ್ ಅಂಥವು. ಅವುಗಳಲ್ಲಿ ಮೊದಲ ಅಕ್ಷರಕ್ಕೇ ಪೆಟ್ಟು. ಅಮ್, ಅಸ್, ಆ ಬಾಲ ಇದ್ದವು ಸಾಮಾನ್ಯವಾಗಿ ಹೇಳಿದ ಮಾತು ಕೇಳುತ್ತವೆ.

ಆಂಟೆನ್ನಾ ಕೇಳುತ್ತದೆ, ಪೆಟ್ಟು ಟೆ ಮೇಲೆ. ಅದರ ಕಥೆ ನನಗೆ ತುಂಬಾ ಇಷ್ಟ, ಮಲ್ಪೆ ಕಡೆಯ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಆಂಟೆನ್ನಾ ಅಂದರೆ ಲ್ಯಾಟಿನ್‌ನಲ್ಲಿ ಹಾಯಿದೋಣಿಯ ಕಂಬಕ್ಕೆ ಅಡ್ಡ ಕಟ್ಟುವ, ಹಾಯಿ ಹಿಡಿಯುವ ಮರ. ಅರಿಸ್ಟಾಟಲ್ ಹುಳದ ಮೀಸೆಗೆ ಬಳಸಿದ ಗ್ರೀಕ್ ಶಬ್ದಕ್ಕೆ ಕೊಂಬು ಅಂತಲೂ ಅರ್ಥ, ಹಾಯಿಯ ಮರ ಅಂತಲೂ ಅರ್ಥ. 15ನೇ ಶತಮಾನದಲ್ಲಿ ಥಿಯೊಡೊರಸ್ ಗಾಜಾ ಅನ್ನುವವರು ಅದನ್ನು ಲ್ಯಾಟಿನ್‌ಗೆ ತಂದಾಗ ಹಾಯಿಯ ಮರವನ್ನೇ ಆರಿಸಿದರು. ಹಾಗೆ ದೋಣಿಯ ಮರ ಹುಳದ ತಲೆ ಏರಿತು. ಮಾಡಿನ ಮೇಲೆ ಟಿವಿಗೆ ಅಂತ ಕಟ್ಟಿದ್ದು ಎಷ್ಟೋ ಕಾಲದ ನಂತರ.

ಫೋನಿನಲ್ಲಿ ಶಬ್ದ ಹೇಳಿಸಿ ಕೇಳಬಹುದಲ್ಲ ಟೀಚರ್, ಇಷ್ಟೆಲ್ಲ ಯಾಕೆ ಅನ್ನುವವರು ಇದ್ದಾರೆ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ನೀವೇ ಪ್ರಸ್ತಾರ ಹಾಕಿ, ಪೆಟ್ಟಿನ ಜಾಗಕ್ಕೆ ಪೆನ್ಸಿಲ್ ಗೀಟು ಎಳೆದು, ಆಮೇಲೆ ಕೇಳಿ. ಮೊದಲೇ ಕೇಳಿದ್ದು ಸಂಜೆಗೆ ಮರೆತುಹೋಗುತ್ತದೆ. ಅಲ್ಲದೆ ಯಂತ್ರದ ದನಿಗಳೂ ಎಡವುತ್ತವೆ. ಎರಡು ಕಡೆ ಕೇಳಿ, ಡಿಕ್ಷನರಿ ನೋಡಿ. ಅಮೆರಿಕದವರು ಆಮಟಿಡಿಯಮ್ ಅಂದರೆ, ಬ್ರಿಟಿಷರು ಒಮಟಿಡಿಯಮ್ ಅಂದರೆ ಗಾಬರಿ ಬೇಡ. ಟಿ ಮೇಲಿನ ಪೆಟ್ಟು ಇಬ್ಬರದ್ದೂ ಒಂದೇ.

ಕಳೆದ ಭಾನುವಾರ ಸ್ಕ್ಯುಟೆಲ್ಲಮ್ ಮಾಡಿಸಿದೆ. ಮುಟ್ಟಿದರೆ ನಾರುವ ಹಸಿರು ಹುಳದ ಬೆನ್ನಿನ ತ್ರಿಕೋನ, ಕಿರು ಗುರಾಣಿ ಅಂತ ಅರ್ಥ. ಎಲ್ಲರೂ ಟೆ ಮೇಲೆ ಸರಿಯಾಗಿ ತೊಡೆ ತಟ್ಟಿದರು. ನನಗೆ ಖುಷಿಯಾಗಿ, "ಇಷ್ಟು ಬಂದರೆ ಸಾಕು, ಇನ್ನು ಜುವಾಲಜಿಯಲ್ಲಿ ನಿಮಗೆ ಹೆದರಿಕೆ ಇಲ್ಲ" ಅಂದೆ. ಆ ಬ್ಯಾರಿ ಹುಡುಗ ಎದ್ದು ಬೋರ್ಡಿನ ಹತ್ತಿರ ಹೋದ. ಎರಡು ಓ ಕೂಡಿ ಊ ಆಗುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ ಟೀಚರ್, ಅಂದ. ಜೋ, ಆ, ಲ, ಜಿ ಅಂತ ಬಿಡಿಸಿ ಬರೆದ. ಕೊನೆಯಿಂದ ಎರಡನೆಯದು ಲ, ಲಘು. ಮೂರನೆಯ ಆ ಮೇಲೆ ಚಾಕ್‌ಪೀಸಿನಿಂದ ಒಂದು ಗೀಟು ಎಳೆದು, ನನ್ನ ಕಡೆ ತಿರುಗಿ ನಿಂತ.

ಮೂವತ್ತು ವರ್ಷದಿಂದ ನಾನು ಜುವಾಲಜಿ ಟೀಚರ್. ಎಲ್ಲರ ಎದುರು ಮೂರು ಸಲ ಜೋ-ಆ-ಲಜಿ ಅಂತ ಹೇಳಿಸಿದ ಮೇಲೆಯೇ ಅವನು ಕೂತದ್ದು.